ಹಾಸಿಗೆ ರೊಟ್ಟಿ, ಹೊದಿಕೆ ರೊಟ್ಟಿ

ನಾನು ಊಟದ ನಡುವೆ ಕೈ ನಿಲ್ಲಿಸಿ ಮಾತ್ರೆ ನುಂಗುತ್ತೇನೆ. ಊಟಕ್ಕೆ ಮೊದಲಲ್ಲ, ಊಟವಾದ ಮೇಲೂ ಅಲ್ಲ. ಒಂದು ರೊಟ್ಟಿ ಮುಗಿದ ಮೇಲೆ ಎಡಗೈಯಿಂದ ಜೇಬಿನ ಪುಟ್ಟ ಡಬ್ಬಿ ತೆಗೆದು, ಮಾತ್ರೆ ಬಾಯಿಗೆ ಹಾಕಿ, ಎರಡು ಗುಟುಕು ನೀರು ಕುಡಿದು, ಆಮೇಲೆ ಎರಡನೇ ರೊಟ್ಟಿಗೆ ಕೈ ಹಾಕುತ್ತೇನೆ. ನನ್ನ ಸೊಸೆಗೆ ಇದನ್ನು ನೋಡಿದರೆ ನಗು. ಕಡ್ಡಿರಾಂಪುರದಲ್ಲಿ ರಸ್ತೆಗೆ ಹತ್ತಿಕೊಂಡೇ ಅವಳೂ ಮಗನೂ ಒಂದು ಸಣ್ಣ ಹೋಟೆಲು ನಡೆಸುತ್ತಾರೆ. ಹಂಪಿಗೆ ಹೋಗುವವರು ಬರುವವರು ಗಾಡಿ ನಿಲ್ಲಿಸಿ ತಿನ್ನುತ್ತಾರೆ. ಮುಂದೆ ಬಾಣಲೆಯಲ್ಲಿ ಮಿರ್ಚಿ ಬಜ್ಜಿ ಬೇಯುತ್ತಿರುತ್ತದೆ, ಜನ ನಗುತ್ತಿರುತ್ತಾರೆ. ಹಿಂದೆ, ನೀರಿನ ತೊಟ್ಟಿಯ ಪಕ್ಕದಲ್ಲಿ, ನನ್ನ ತಟ್ಟೆ ಇಟ್ಟುಕೊಂಡು ನಾನೊಬ್ಬನೇ ಕೂತಿರುತ್ತೇನೆ.

"ಮಾವಾರ, ಒಂದ್ ಮಿರ್ಚಿ ತಿಂದ್ರ ಜೀವ ಹೋಗ್ತೈತೇನ್ರಿ? ನಮ್ಮ ಕೈದು ನಿಮಗ ಸೇರಂಗಿಲ್ಲ ಬಿಡ್ರಿ" ಎನ್ನುತ್ತಾಳೆ ಸೊಸೆ.

ಅವಳು ಅದನ್ನು ಪ್ರೀತಿಯಿಂದಲೇ ಹೇಳುತ್ತಾಳೆ. ಆದರೂ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಬಾಯಿಗೆ ಒಯ್ದ ತುತ್ತನ್ನು ತಿರುಗಿ ತಟ್ಟೆಗೆ ಇಡುತ್ತೇನೆ. ಇದೇ ಮಾತನ್ನು ನಾನೂ ಒಬ್ಬರಿಗೆ ಹೇಳಿದ್ದೆ. ನಾನು ಹೇಳಿದ್ದು ಪ್ರೀತಿಯಿಂದಲ್ಲ. ಊಟದ ನಡುವೆ ಮಾತ್ರೆ ನುಂಗುವುದನ್ನು ನನಗೆ ಕಲಿಸಿದವರೂ ಅವರೇ.

ಅವರು ಈಗ ಇಲ್ಲ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಂಪ್ಲಿಯಲ್ಲಿ ಅವರ ಹೆಂಡತಿ ಇದ್ದಾರೆ, ಮಗಳು ಶಾಲೆಯಲ್ಲಿ ಟೀಚರಾಗಿದ್ದಾಳೆ. ನನ್ನ ತಪ್ಪು ಹೇಳಿಕೊಳ್ಳುವುದಕ್ಕೆ ಅವರ ಮನೆಯ ಹೆಸರೇಕೆ ಬೇಕು?

ನಾನು ಡ್ರೈವರ್ ಆಗಿದ್ದವನು. ಎಸ್ಸೆಸ್ಸೆಲ್ಸಿ ಪಾಸಾಗಿ, ಮೊದಲು ಲಾರಿ ಓಡಿಸಿ, ಆಮೇಲೆ ಯಶವಂತನಗರದ ಹತ್ತಿರದ ಒಂದು ಗಣಿಯ ಬಸ್ಸಿಗೆ ಸೇರಿದೆ. ಬೆಳಿಗ್ಗೆ ಹೊಸಪೇಟೆಯಿಂದ ಆಳುಗಳನ್ನು ಹತ್ತಿಸಿಕೊಂಡು ಸಂಡೂರಿನ ಮೇಲೆ ಹಾದು ಗಣಿಗೆ ಹೋಗುವುದು, ಸಂಜೆ ಅವರನ್ನು ತಿರುಗಿ ತಂದು ಇಳಿಸುವುದು. ಅವರು ಆ ಗಣಿಯಲ್ಲಿ ಸ್ಯಾಂಪಲ್ ತೆಗೆಯುವ ಕೆಲಸದಲ್ಲಿದ್ದರು. ನಾವು ಅವರಿಗೆ ಇಟ್ಟಿದ್ದ ಹೆಸರು ಸ್ಯಾಂಪಲ್ಲಪ್ಪ. ಎದುರಿಗೆ ಕರೆದರೂ ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಆ ಕೆಲಸ ನೋಡುವುದಕ್ಕೆ ಚಂದ. ಅದಿರಿನ ರಾಶಿಯ ನಾಲ್ಕು ಕಡೆಯಿಂದ ಒಂದಿಷ್ಟು ಬಾಚಿ, ಬೇರೆ ಒಂದು ಗುಡ್ಡೆ ಮಾಡುತ್ತಿದ್ದರು. ಅದನ್ನು ಸಲಿಕೆಯ ಬೆನ್ನಿನಿಂದ ತಟ್ಟಿ ಚಪ್ಪಟೆ ಮಾಡಿ, ಮೇಲೆ ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ ಎಳೆದು ನಾಲ್ಕು ಪಾಲು ಮಾಡುತ್ತಿದ್ದರು. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡನ್ನು ತಳ್ಳಿಬಿಡುವುದು. ಇಟ್ಟುಕೊಂಡದ್ದನ್ನು ಮತ್ತೆ ಕಲಸಿ ಗುಡ್ಡೆ, ಮತ್ತೆ ನಾಲ್ಕು ಪಾಲು. ಹೀಗೆ ಮಾಡುತ್ತ ಮಾಡುತ್ತ ಒಂದು ಲಾರಿ ಅದಿರು ಕೊನೆಗೆ ಒಂದು ಸಣ್ಣ ಚೀಲಕ್ಕೆ ಇಳಿಯುತ್ತಿತ್ತು. ಕಬ್ಬಿಣ ಎಷ್ಟಿದೆ ಎಂದು ನೋಡಲು ಆ ಚೀಲ ಲ್ಯಾಬಿಗೆ ಹೋಗುತ್ತಿತ್ತು. ಇಷ್ಟು ಮಾಡಿದರೂ ಅವರ ಎದೆಯ ಜೇಬಿನ ಬಿಳಿ ಕರ್ಚೀಫು ಸಂಜೆಯ ತನಕ ಬೆಳ್ಳಗೇ ಇರುತ್ತಿತ್ತು. ಅದು ಹೇಗೋ ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ಬನಿಯನ್ನುಗಳು ಕೂಡ ಕೆಂಪಾಗಿರುತ್ತಿದ್ದವು.

ಕೈಗೆ ಏನು ಕೊಟ್ಟರೂ ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡುವುದು ಅವರ ಚಾಳಿ. ಬಸ್ಸಿನ ಪಾಸು ಕೊಟ್ಟರೂ ತಿಕ್ಕಬೇಕು, ಬಾಳೆಹಣ್ಣು ಕೊಟ್ಟರೂ ಸಿಪ್ಪೆ ತಿಕ್ಕಬೇಕು.

"ಪಾಸಿನ್ಯಾಗ ಕಬ್ಬಿಣ ಎಷ್ಟೈತ್ರಿ ಸ್ಯಾಂಪಲ್ಲಪ್ಪಾರ?" ಎಂದು ಡ್ರಿಲ್ ಮಷೀನು ನಡೆಸುವವನು ಕಾಡುತ್ತಿದ್ದ.

"ಪಾಸಿನ್ಯಾಗ ಏನಿಲ್ಲಪ. ನಿನ್ನ ತಲಿಯಾಗ ಭಾಳ ಐತಿ" ಎನ್ನುತ್ತಿದ್ದರು.

ಗಣಿಯಲ್ಲಿ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ನಮ್ಮದೊಂದು ಪದ್ಧತಿ ಇತ್ತು. ಶೆಡ್ಡಿನಲ್ಲಿ ಚೀಲ ಹಾಸಿ ಸುತ್ತ ಕೂರುವುದು. ಒಬ್ಬೊಬ್ಬರೂ ತಮ್ಮ ಬುತ್ತಿಯಿಂದ ಒಂದು ತುಣುಕು ಪಕ್ಕದವನ ಮುಚ್ಚಳಕ್ಕೆ ಹಾಕುವುದು, ಅವನದನ್ನು ತಮ್ಮ ಮುಚ್ಚಳಕ್ಕೆ ಹಾಕಿಸಿಕೊಳ್ಳುವುದು. ಹೀಗಾಗಿ ಯಾರ ಮನೆಯ ಪುಂಡಿಪಲ್ಯ, ಯಾರ ಮನೆಯ ಶೇಂಗಾ ಚಟ್ನಿ ಎಂದು ಎಲ್ಲರಿಗೂ ಗೊತ್ತು. ಇವರು ಮಾತ್ರ ತಮ್ಮ ಡಬ್ಬಿ ಹಿಡಿದುಕೊಂಡು ಶೆಡ್ಡಿನ ಆಚೆ ಬೇವಿನ ಮರದ ಕೆಳಗೆ ಹೋಗಿ ಕೂರುತ್ತಿದ್ದರು.

ಈಗ ಒಂದು ಮಾತು ಮುಚ್ಚಿಡದೆ ಹೇಳಬೇಕು. ಅವರದು ಬೌದ್ಧರ ಮನೆ. ಅವರ ತಂದೆಯ ಕಾಲದಲ್ಲಿ ಕಂಪ್ಲಿಯ ಅವರ ಕೇರಿಯ ಕೆಲವರು ಬುದ್ಧನ ದಾರಿ ಹಿಡಿದಿದ್ದರು. ಅದಕ್ಕೂ ಹಿಂದೆ ನಮ್ಮ ಹಿರಿಯರು ಅವರ ಹಿರಿಯರಿಗೆ ನೀರನ್ನು ಮೇಲಿನಿಂದ ಬೊಗಸೆಗೆ ಸುರಿದವರು. ನಾನು ಹಾಗಲ್ಲ, ನಾನು ತಿಳಿದವನು ಎಂದು ನನಗೆ ಬಹಳ ಹೆಮ್ಮೆ ಇತ್ತು. ಅವರು ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನಾಗಿ ನನ್ನ ಬುತ್ತಿಯಿಂದ ಒಂದು ರೊಟ್ಟಿ ಮುರಿದು, ಖಾರದ ಚಟ್ನಿ ಎಣ್ಣೆ ಹಚ್ಚಿ, ಅವರ ಡಬ್ಬಿಯ ಮುಚ್ಚಳಕ್ಕೆ ಹಾಕಲು ಹೋದೆ. ಅವರು ಡಬ್ಬಿ ಹಿಂದಕ್ಕೆ ಎಳೆದುಕೊಂಡರು.

"ನಂದು ನನಗಿರ್ಲಿ ಡ್ರೈವರಣ್ಣ. ತಪ್ಪು ತಿಳ್ಕೋಬ್ಯಾಡ್ರಿ."

ನಾನು ತಪ್ಪೇ ತಿಳಿದುಕೊಂಡೆ. ನಮ್ಮವರು ಅವರ ಮನೆಯಲ್ಲಿ ಉಣ್ಣಲಿಲ್ಲವೆಂದು ಈಗ ನಮ್ಮ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ, ನಾನು ಇಷ್ಟು ದೊಡ್ಡ ಮನಸ್ಸು ಮಾಡಿದರೂ ಕಡೆಗಣಿಸಿದ ಎಂದು ಒಳಗೇ ಕುದಿದೆ. ಕೊಡುವವನ ಸೊಕ್ಕು ಎಂಥದ್ದು ನೋಡಿ. ಒಂದು ತುಂಡು ರೊಟ್ಟಿ ಕೊಟ್ಟು, ಅವರ ತಲೆಮಾರುಗಳ ಬಾಯಿ ಮುಚ್ಚಿಸಬಹುದು ಎಂದುಕೊಂಡಿದ್ದೆ.

ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಹೊಸ ಪಾಸು ಕೊಡುವುದಕ್ಕೆ ಅವರ ಕೋಣೆಗೆ ಹೋಗಿದ್ದೆ. ಹೆಂಡತಿ ಮಗಳು ಕಂಪ್ಲಿಯಲ್ಲಿ, ಇವರು ಹೊಸಪೇಟೆಯಲ್ಲಿ ಕಾಲುವೆಯ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ರಜೆಗೆ ಮಾತ್ರ ಊರಿಗೆ ಹೋಗುತ್ತಿದ್ದರು. ಆ ವಾರ ಹೋಗಿರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದರೆ ಒಂದು ಒಲೆ, ಎರಡು ಪಾತ್ರೆ, ಒಂದು ಚಾಪೆ. ಊಟಕ್ಕೆ ಕೂತಿದ್ದರು. ತಟ್ಟೆಯಲ್ಲಿ ಹಾಳೆಯಂಥ ಎರಡು ತೆಳು ರೊಟ್ಟಿ, ಹೆಸರುಬೇಳೆ ಹಾಕಿದ ಹೀರೆಕಾಯಿ ಪಲ್ಯ, ಒಂದು ಲೋಟ ನೀರು ಮಜ್ಜಿಗೆ. ತಟ್ಟೆಯ ಅಂಚಿಗೆ ಒಂದು ಉದ್ದನೆಯ ಬಿಳಿ ಮಾತ್ರೆ.

"ಕುಂದ್ರಿ ಡ್ರೈವರಣ್ಣ, ನೀವು ನೋಡೇಬಿಟ್ರಿ. ಶುಗರ್ ಐತಿ ನನಗ" ಎಂದರು. ಕದ್ದು ಸಿಕ್ಕಿಬಿದ್ದವರ ಹಾಗೆ ನಕ್ಕರು.

ಆ ದಿನ ಅವರು ಎಲ್ಲವನ್ನೂ ಹೇಳಿದರು. ಶುಗರ್ ಮಾತ್ರೆ ಶುರು ಮಾಡಿದ ಮೊದಲ ತಿಂಗಳು ಹೊಟ್ಟೆ ಅವರ ಮಾತು ಕೇಳುತ್ತಿರಲಿಲ್ಲವಂತೆ. ಉಬ್ಬರ, ವಾಕರಿಕೆ, ತಿಂದ ಅರ್ಧ ಗಂಟೆಗೆ ಓಡಬೇಕು. ಗಣಿಯಲ್ಲಿ ಎಲ್ಲಿಗೆ ಓಡುವುದು? ಬಸ್ಸಿನಲ್ಲಿ ಎಲ್ಲಿಗೆ ಓಡುವುದು? ಡಾಕ್ಟರು ಅರ್ಧ ಮಾತ್ರೆಗೆ ಇಳಿಸಿ, ಊಟದ ಜೊತೆಗೇ ತೆಗೆದುಕೊಳ್ಳಿ, ಮೆಲ್ಲಗೆ ಏರಿಸೋಣ, ಎಣ್ಣೆ ಪದಾರ್ಥ ಬಿಡಿ ಎಂದಿದ್ದರಂತೆ. ಉಳಿದದ್ದನ್ನು ಇವರು ತಮ್ಮ ಸ್ಯಾಂಪಲ್ ವಿದ್ಯೆಯಿಂದ ಕಂಡುಕೊಂಡಿದ್ದರು.

"ರಾಶಿ ನೋಡಿ ಯಾವುದು ಕೆಟ್ಟದ್ದು ಅಂತ ಹೇಳಾಕ ಆಗಂಗಿಲ್ಲ. ಪಾಲು ಮಾಡ್ಬೇಕು. ಒಂದ್ಸಲಕ್ಕ ಒಂದೇ ತಗೀಬೇಕು. ನಾಕು ದಿನ ಚಾ ಬಿಟ್ಟೆ, ನೋಡಿದೆ. ನಾಕು ದಿನ ಹಸಿ ಉಳ್ಳಾಗಡ್ಡಿ ಬಿಟ್ಟೆ, ನೋಡಿದೆ. ಕರಿದದ್ದು ಬಿಟ್ಟಾಗ ನೋಡ್ರಿ, ಹೊಟ್ಟಿ ಮಗು ಮಲಗಿದಂಗ ಮಲಗ್ತು."

ಖಾಲಿ ಹೊಟ್ಟೆಗೆ ಚಹಾ ಇಲ್ಲ. ಕರಿದದ್ದು, ಎಣ್ಣೆ ತೇಲುವ ಚಟ್ನಿ ಇಲ್ಲ. ಒಂದೇ ಸಲಕ್ಕೆ ಹೊಟ್ಟೆ ತುಂಬ ಉಣ್ಣದೆ, ಅದನ್ನೇ ನಾಲ್ಕು ಹೊತ್ತಿಗೆ ಹಂಚಿಕೊಳ್ಳುವುದು. ಹೊಟ್ಟೆ ಬಿಗಿದ ದಿನ ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಜೀರಿಗೆ ಹಾಕಿದ ಮಜ್ಜಿಗೆ. ಸೊಪ್ಪು, ಕಾಳು ಒಳ್ಳೆಯದೆಂದು ಒಂದೇ ದಿನ ರಾಶಿ ತಿನ್ನದೆ ವಾರಕ್ಕಿಷ್ಟು ಏರಿಸುವುದು. ಮತ್ತೆ ಮಾತ್ರೆ ನುಂಗುವ ಕ್ರಮ. ಅದನ್ನು ಅವರು ತಟ್ಟೆಯಲ್ಲೇ ಮಾಡಿ ತೋರಿಸಿದರು.

"ಮೊದಲ್ನೇ ರೊಟ್ಟಿ ಹಾಸಿಗಿ. ಎರಡ್ನೇದು ಹೊದಿಕಿ. ಗುಳಿಗೀನ ನಡುವ ಮಲಗಿಸ್ಬೇಕು. ಬರೀ ನೆಲಕ್ಕ ಹಾಕಿದ್ರ ಎದ್ದು ಕುಂತು ಜಗಳ ತಗೀತೈತಿ."

ನಾವಿಬ್ಬರೂ ನಕ್ಕೆವು. ಹೊರಡುವಾಗ ಅವರು ಬಾಗಿಲ ತನಕ ಬಂದು ದನಿ ತಗ್ಗಿಸಿದರು.

"ಗಣಿಯಾಗ ಯಾರಿಗೂ ಹೇಳಬ್ಯಾಡ್ರಿ ಡ್ರೈವರಣ್ಣ. ಕಾಂಟ್ರಾಕ್ಟಿನ ಆಳು ನಾನು. ಫಿಟ್‌ನೆಸ್ ಅಂತ ತಕರಾರು ತಗದ್ರ ಮನಿಗೆ ಕಳಸ್ತಾರ."

ನಾನು ಯಾರಿಗೂ ಹೇಳಲಿಲ್ಲ. ಮಾತು ಉಳಿಸಿಕೊಂಡೆ ಎಂದು ಬಹಳ ದಿನ ನನ್ನನ್ನು ನಾನೇ ಹೊಗಳಿಕೊಂಡೆ. ಆದರೆ ಅವರ ಕಾಯಿಲೆಯ ಸಂಗತಿ ಗೊತ್ತಿದ್ದದ್ದು ಇಡೀ ಬಸ್ಸಿನಲ್ಲಿ ನನಗೊಬ್ಬನಿಗೆ. ಮುಂದೆ ಬರೆಯುವುದನ್ನು ಓದುವಾಗ ಇದನ್ನು ಮರೆಯಬೇಡಿ. ನಾನು ಮರೆತಿದ್ದೆ ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ.

ಒಂದು ವರ್ಷ ಕಳೆದ ಮೇಲೆ ನನಗೆ ಹೊಸ ಬಸ್ಸು ಬಂತು. ಹೊಚ್ಚ ಹೊಸದು, ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ತೆಗೆದಿರಲಿಲ್ಲ. ಗಣಿಯಲ್ಲೇ ಕಾಯಿ ಒಡೆದು ಪೂಜೆ ಮಾಡಿದೆ. ಸಂಜೆ ಪಾಳಿ ಬಿಟ್ಟ ಮೇಲೆ ಎಲ್ಲರಿಗೂ ಸಂಡೂರಿನಿಂದ ಮಿರ್ಚಿ, ಮಂಡಕ್ಕಿಯ ವಗ್ಗರಣಿ, ಪೇಡೆ ತರಿಸಿದ್ದೆ. ನಮ್ಮ ಕಡೆ ಸಂತೋಷವೆಂದರೆ ಮಿರ್ಚಿ ಮತ್ತು ವಗ್ಗರಣಿ. ಮಂಡಕ್ಕಿ ಎಣ್ಣೆಯಲ್ಲಿ ಹೊಳೆಯಬೇಕು, ಮೆಣಸಿನಕಾಯಿ ಕೈಯಷ್ಟು ಉದ್ದ ಇರಬೇಕು. ಪೇಪರಿನಲ್ಲಿ ಹಾಕಿ ಒಬ್ಬೊಬ್ಬರಿಗೂ ನಾನೇ ಕೊಡುತ್ತ ಬಂದೆ. ಅವರು ಒಂದು ಬದಿಗೆ ನಿಂತಿದ್ದರು.

"ನನಗ ಒಂದ್ ಚೂರು ಕೊಬ್ರಿ ಸಾಕು ಡ್ರೈವರಣ್ಣ."

"ಕೊಬ್ರಿ ದೇವರದು. ಮಿರ್ಚಿ ನಂದು" ಎಂದೆ. ಎಲ್ಲರೂ ನಕ್ಕರು. ನಗು ಬಂದರೆ ನನಗೆ ಇನ್ನೂ ಏರುತ್ತದೆ. "ಯಾಕ್ರೀ ಸ್ಯಾಂಪಲ್ಲಪ್ಪಾರ, ನಮ್ಮ ಕೈದು ನಿಮಗ ಸೇರಂಗಿಲ್ಲೇನು?"

ನಗು ನಿಂತಿತು. ಆ ಮಾತಿನ ಅಡಿಯಲ್ಲಿ ಏನಿದೆ ಎನ್ನುವುದು ಅಲ್ಲಿದ್ದ ಎಲ್ಲರಿಗೂ ತಿಳಿಯಿತು. ಡ್ರಿಲ್ಲಿನವನು ಬಿಗುವು ಸಡಿಲಿಸಲು ನೋಡಿದ. "ತಿನ್ರಿ ಸರ, ಇಲ್ಲಾಂದ್ರ ಈ ಮನಷ್ಯಾ ಸಿಟ್ಟಿಗೆದ್ದು ಬಸ್ಸು ಗುಡ್ಡಕ್ಕ ಹತ್ತಿಸ್ತಾನ."

ಅವರು ನನ್ನನ್ನು ನೋಡಿದರು. ನಿಮಗೆ ಗೊತ್ತಿದೆಯಲ್ಲ ಎಂದು ಕೇಳುವ ನೋಟ. ಹೌದು, ನನಗೆ ಗೊತ್ತಿತ್ತು. ಬಿಡ್ರಪ, ಅವರಿಗೆ ಹೊಟ್ಟೆ ಸರಿಯಿಲ್ಲ ಎಂದು ಒಂದು ಮಾತು ಹೇಳಿದ್ದರೆ ಅವರ ಗುಟ್ಟೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ನಾನು ಪೊಟ್ಟಣವನ್ನು ಅವರ ಮುಖದ ಹತ್ತಿರಕ್ಕೆ ಹಿಡಿದೆ.

ಅವರು ತೆಗೆದುಕೊಂಡರು. ಎರಡು ಮಿರ್ಚಿ, ಪೊಟ್ಟಣದಲ್ಲಿದ್ದ ವಗ್ಗರಣಿ ಅಷ್ಟೂ, ಮೇಲೆ ಪೇಡೆ. ಒಂದು ಅಗಳು ಬಿಡಲಿಲ್ಲ. ಕೊನೆಗೆ ಖಾಲಿ ಪೇಪರನ್ನು ಬೆರಳಿನಿಂದ ತಿಕ್ಕಿ ನೋಡಿ, ಮಡಚಿ ಜೇಬಿಗೆ ಇಟ್ಟುಕೊಂಡರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಬಸ್ಸು ಸಂಡೂರು ದಾಟಿ ಗುಡ್ಡದ ಏರಿಗೆ ಬಂದಾಗ ಅವರು ಎದ್ದು ಮುಂದೆ ಬಂದರು. ಕಂಬ ಹಿಡಿದುಕೊಂಡಿದ್ದರು, ಹಣೆಯಲ್ಲಿ ಬೆವರು.

"ಡ್ರೈವರಣ್ಣ, ಒಂದೆರಡ್ ನಿಮಿಷ ನಿಲ್ಸ್ರಿ."

"ನಡುವ ನಿಲ್ಸಂಗಿಲ್ರಿ. ಜಿಪಿಎಸ್ ಕೂಡ್ಸ್ಯಾರ, ಆಫೀಸಿನ್ಯಾಗ ಕಾಣ್ತೈತಿ" ಎಂದೆ.

ಅದು ಸುಳ್ಳಲ್ಲ, ನಿಜವೂ ಅಲ್ಲ. ಸೀಬೆಹಣ್ಣು ಕೊಳ್ಳುವುದಕ್ಕೆ ಅದೇ ಏರಿನಲ್ಲಿ ನಾನು ಎಷ್ಟು ಸಲ ನಿಲ್ಲಿಸಿಲ್ಲ? ಎರಡನೇ ಸಲ ಕೇಳಿದರು. "ಭಾಳ ಅರ್ಜೆಂಟ್ ಐತಿ." ಹಿಂದಿನಿಂದ ಯಾರೋ "ಸ್ಯಾಂಪಲ್ ಬಂತಂತಪ್ಪೋ" ಎಂದು ಕೂಗಿದರು. ಬಸ್ಸು ತುಂಬ ನಗು. ನಾನು ಕನ್ನಡಿಯಲ್ಲಿ ಆ ನಗುವನ್ನು ನೋಡಿ ನಕ್ಕೆ, ಗೇರು ಬದಲಿಸಿದೆ. ಮೂರನೇ ಸಲ ಅವರು ಬಾಯಿ ತೆರೆಯಲಿಲ್ಲ. ಇಂಜಿನ್ನಿನ ಮುಚ್ಚಳದ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದರು, ಅಷ್ಟೇ.

ಆಮೇಲೆ ತಟ್ಟಲಿಲ್ಲ. ಬಾಗಿಲ ಹತ್ತಿರ ಮೆಟ್ಟಿಲಿಗೆ ಇಳಿದು, ಎಲ್ಲರಿಗೂ ಬೆನ್ನು ಮಾಡಿ ನಿಂತರು. ಸ್ವಲ್ಪ ಹೊತ್ತಿಗೆ ಬಸ್ಸಿನಲ್ಲಿ ನಗು ತಾನಾಗಿ ಸತ್ತುಹೋಯಿತು. ಕಿಟಕಿಗಳು ಒಂದೊಂದಾಗಿ ತೆರೆದವು. ಹೊಸಪೇಟೆಯ ಹೊರಗೆ ಕಾಲುವೆಯ ಸೇತುವೆ ಬಂದಾಗ ಯಾರೂ ಕೇಳದೆಯೇ ನಿಲ್ಲಿಸಿದೆ. ಅದು ಸ್ಟಾಪಲ್ಲ. ಅವರು ಇಳಿದರು. ಇಳಿದವರು ತಿರುಗಿ, ನನ್ನನ್ನು ನೋಡದೆ, ಹೊಸ ಬಸ್ಸಿನ ಕಡೆ ನೋಡುತ್ತ ಹೇಳಿದರು:

"ಸೀಟು ಕೆಟ್ಟಿಲ್ಲ ಡ್ರೈವರಣ್ಣ. ನಿಂತೇ ಇದ್ದೆ."

ಆ ಮಾತು ಹೇಳಿ ಕಾಲುವೆಯ ಮೆಟ್ಟಿಲಿಳಿದು ಹೋದರು.

ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದರು. ಎಂದಿನ ಹಾಗೆ ನಮಸ್ಕಾರ ಮಾಡಿದರು. ನಾನು ಕ್ಷಮೆ ಕೇಳಬೇಕೆಂದುಕೊಂಡೆ. ಹಿಂದೆ ಜನ ಹತ್ತುತ್ತಿದ್ದರು, ನಾಳೆ ಕೇಳೋಣ ಎಂದುಕೊಂಡೆ. ಮಧ್ಯಾಹ್ನ ಒಂದು ಆಶ್ಚರ್ಯ ಕಾದಿತ್ತು. ಅವರು ಡಬ್ಬಿ ಹಿಡಿದುಕೊಂಡು ನೇರ ಶೆಡ್ಡಿಗೆ ಬಂದರು. ನಮ್ಮ ನಡುವೆ ಕೂತು, ಡಬ್ಬಿಯ ಮುಚ್ಚಳ ತೆಗೆದು ಮುಂದೆ ಇಟ್ಟರು.

"ಹಾಕ್ರಪ, ಏನೈತಿ ನಿಮ್ಮದು."

ಅವತ್ತಿನಿಂದ ಅವರು ಎಲ್ಲರ ಜೊತೆ ಉಂಡರು. ಎಣ್ಣೆ ಚಟ್ನಿ ತಿಂದರು, ಉಳ್ಳಾಗಡ್ಡಿ ಕಡಿದರು, ಯಾರಾದರೂ ಮಿರ್ಚಿ ತಂದರೆ ಮೊದಲ ಕೈ ಅವರದು. ಹೊಟ್ಟೆಯೂ ಕೆಡಲಿಲ್ಲ. ಬಸ್ಸು ನಿಲ್ಲಿಸೆಂದು ಯಾವತ್ತೂ ಕೇಳಲಿಲ್ಲ. ಮಾತಿಗೆ ಕೂತರೆ ಅಷ್ಟು ನಗಿಸುವ ಮನುಷ್ಯ ಎಂದು ನಮಗೆ ಗೊತ್ತಾದದ್ದೇ ಆಗ. ಸಾಹೇಬರು ನಡೆಯುವುದನ್ನು, ಲ್ಯಾಬಿನವರು ಕನ್ನಡಕ ಏರಿಸುವುದನ್ನು ಮಾಡಿ ತೋರಿಸಿದರೆ ಅನ್ನ ನೆತ್ತಿಗೇರುತ್ತಿತ್ತು. ನೋಡಿದಿರಾ, ದಾರಿಗೆ ಬಂದರು ಎಂದು ನಾನು ಡ್ರಿಲ್ಲಿನವನಿಗೆ ಹೇಳಿದೆ. ನಾನು ಮಾಡಿದ್ದು ಕೆಟ್ಟದ್ದಾದರೂ ಫಲ ಒಳ್ಳೆಯದಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಕ್ಷಮೆ ಕೇಳುವ ಯೋಚನೆ ಮೆಲ್ಲಗೆ ಬಿಟ್ಟುಹೋಯಿತು.

ಹೀಗೆ ಎರಡು ವರ್ಷ. ನನ್ನ ಕೆಲಸದ ಕಾಲದಲ್ಲಿ ಅಷ್ಟು ಸಂತೋಷದ ಮಧ್ಯಾಹ್ನಗಳು ಬೇರೆ ಇರಲಿಲ್ಲ. ಅವು ಎಂಥ ಸಂತೋಷದ ಮಧ್ಯಾಹ್ನಗಳು ಎನ್ನುವುದು ಆಮೇಲೆ ತಿಳಿಯಿತು.

ಅವರ ಬಲಗಾಲಿನ ಬೆರಳಿಗೆ ಬೂಟು ಕಚ್ಚಿ ಗಾಯವಾಯಿತು. ಮಾಯಲಿಲ್ಲ. ಕುಂಟುತ್ತ ಬಂದರು, ಆಮೇಲೆ ಬರಲಿಲ್ಲ. ಬೆರಳು ತೆಗೆದರಂತೆ, ಫಿಟ್‌ನೆಸ್ ಕೊಡಲಿಲ್ಲವಂತೆ, ಕಂಪ್ಲಿಗೆ ಹೋದರಂತೆ ಎಂದು ಕೇಳಿದೆ. ಬೇವಿನ ಮರದ ಕೆಳಗೆ ಅವರು ಕೂರುತ್ತಿದ್ದ ಕಲ್ಲು ಹಾಗೇ ಇತ್ತು. ಅದರ ಮೇಲೆ ಯಾರೂ ಕೂರಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ ನನಗೂ ಶುಗರ್ ಬಂತು. ಅದೇ ಉದ್ದನೆಯ ಬಿಳಿ ಮಾತ್ರೆ. ಹೇಗೆ ನುಂಗಬೇಕೆಂದು ಡಾಕ್ಟರು ಹೇಳಿದ್ದರೇನೋ, ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಬೆಳಿಗ್ಗೆ ಚಹಾದ ಜೊತೆ ನುಂಗಿ, ದಾರಿಯಲ್ಲಿ ನಾಲ್ಕು ಪೂರಿ ತಿಂದು ಬಸ್ಸು ಹತ್ತಿದೆ. ಅದೇ ಗುಡ್ಡದ ಏರಿನಲ್ಲಿ ಹೊಟ್ಟೆ ಹಿಂಡಿತು. ಹಿಡಿದುಕೊಳ್ಳಲು ನೋಡಿದೆ. ಆಗಲಿಲ್ಲ. ಬಸ್ಸು ನಿಲ್ಲಿಸಿ, ಜಾಲಿಗಿಡದ ಹಿಂದಕ್ಕೆ ಓಡಿದೆ. ಹತ್ತು ನಿಮಿಷ ನಿಂತಿತ್ತು ಬಸ್ಸು. ತಿರುಗಿ ಬಂದಾಗ ಯಾರೂ ನಗಲಿಲ್ಲ. ಒಬ್ಬ ನೀರಿನ ಬಾಟಲಿ ಕೊಟ್ಟ. ಆಫೀಸಿನವರು ಜಿಪಿಎಸ್ ನೋಡಿ ಏನೂ ಕೇಳಲಿಲ್ಲ. ಸ್ಟೇರಿಂಗ್ ನನ್ನ ಕೈಯಲ್ಲಿತ್ತು, ಆದ್ದರಿಂದ ಬಸ್ಸು ನಿಂತಿತು. ಆ ದಿನ ಗಣಿ ಮುಟ್ಟುವ ತನಕ ಕನ್ನಡಿಯಲ್ಲಿ ಹಿಂದಕ್ಕೆ ನೋಡುವ ಧೈರ್ಯ ನನಗಾಗಲಿಲ್ಲ.

ಕೆಲವು ದಿನದಲ್ಲೇ ಅವರು ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕಂಪ್ಲಿಯ ಬಸ್ಸಿಗೆ ಕಾಯುತ್ತಿದ್ದರು. ಊರುಗೋಲು, ದಪ್ಪ ಅಡಿಯ ಚಪ್ಪಲಿ. ಎದೆಯ ಜೇಬಿನಲ್ಲಿ ಬಿಳಿ ಕರ್ಚೀಫು. ನಾನು ತಪ್ಪಿಸಿಕೊಂಡು ಹೋಗಬೇಕೆಂದಿದ್ದೆ, ಅವರೇ ಕರೆದರು.

"ಬರ್ರಿ ಡ್ರೈವರಣ್ಣ, ಯಾಕ ಇಳದೀರಿ ಇಷ್ಟು? ಶುಗರ್ರಾ?"

ನಾನು ಹೌದೆಂದು ತಲೆಯಾಡಿಸಿದೆ. ಹೊಟ್ಟೆಯ ಪಾಡು ಹೇಳಿದೆ, ಮಾತ್ರೆ ಬಿಟ್ಟುಬಿಡಬೇಕು ಎಂದುಕೊಂಡಿದ್ದೇನೆ ಎಂದೆ. ಅವರ ಮುಖ ಕಪ್ಪಾಯಿತು. ನನ್ನ ಮಣಿಕಟ್ಟು ಹಿಡಿದರು.

"ಆ ತಪ್ಪು ಮಾಡಬ್ಯಾಡ್ರಿ. ನಾನು ಮಾಡೀನಿ. ಎರಡು ವರ್ಷ ಡ್ಯೂಟಿ ದಿನ ಗುಳಿಗಿ ಮುಟ್ಲಿಲ್ಲ. ರಜಾ ದಿನ ಮಾತ್ರ ನುಂಗ್ತಿದ್ದೆ. ಬಸ್ಸಿನ್ಯಾಗ ಬರಬೇಕಲ್ಲ." ಅವರು ತಮ್ಮ ಕಾಲಿನ ಕಡೆ ನೋಡಿಕೊಂಡರು. "ಹೊಟ್ಟಿ ಭಾಳ ಚಲೋ ಇತ್ರೀ ಆ ಎರಡು ವರ್ಷ."

ಅದರಲ್ಲಿ ನನ್ನ ಮೇಲಿನ ದೂರು ಇತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಲಾರಿ ಅದಿರನ್ನು ಸಣ್ಣ ಚೀಲಕ್ಕೆ ಇಳಿಸುವ ಹಾಗೆ ಎಲ್ಲವನ್ನೂ ಎರಡು ಮಾತಿಗೆ ಇಳಿಸಿ ಕೈಗೆ ಕೊಟ್ಟರು. ಆಮೇಲೆ, ನಾನು ಅವರ ಕೋಣೆಗೆ ಹೋದದ್ದೇ ಇಲ್ಲವೇನೋ ಎಂಬಂತೆ, ಎಲ್ಲವನ್ನೂ ಮೊದಲಿನಿಂದ ಹೇಳಿಕೊಟ್ಟರು. ಒಂದು ಸಲಕ್ಕೆ ಒಂದನ್ನೇ ಬಿಟ್ಟು ನೋಡುವುದು, ನುಚ್ಚು, ಮಜ್ಜಿಗೆ, ಹಾಸಿಗೆ ರೊಟ್ಟಿ, ಹೊದಿಕೆ ರೊಟ್ಟಿ. "ಹಂಗೂ ಆಗದಿದ್ರ ಡಾಕ್ಟರಿಗೆ ಹೇಳ್ರಿ. ನಿಧಾನಕ್ಕ ಕರಗೋ ಗುಳಿಗಿ ಇರ್ತಾವು. ನಾಚ್ಕೋಬ್ಯಾಡ್ರಿ, ಬಾಯಿ ಬಿಟ್ಟು ಕೇಳ್ರಿ" ಎಂದರು. ಎರಡು ಸಲ ಬಾಯಿಬಿಟ್ಟು ಕೇಳಿದ್ದ ಮನುಷ್ಯ ನನಗೆ ಆ ಮಾತು ಹೇಳಿದರು. ಕಂಪ್ಲಿ ಬಸ್ಸು ಬಂತು. ಹತ್ತಿಸಿದೆ. ಅವರು ಕಿಟಕಿಯಿಂದ ಕೈ ಆಡಿಸಿದರು. ನಾನು ಆಗಲೂ ಕ್ಷಮೆ ಕೇಳಲಿಲ್ಲ.

ಅವರು ಕಲಿಸಿದ್ದು ನನಗೆ ಹಿಡಿಯಿತು. ಎರಡು ತಿಂಗಳಲ್ಲಿ ಹೊಟ್ಟೆ ದಾರಿಗೆ ಬಂತು. ಆದರೆ ಊಟ ಒಬ್ಬಂಟಿಯಾಯಿತು. ಮದುವೆಗೆ ಕರೆದರೆ ಎಲೆಯ ಮುಂದೆ ಕೂತು ಅದು ಬೇಡ, ಇದು ಬೇಡ ಎನ್ನಬೇಕು. ಬಡಿಸುವವರ ಮುಖ ಸಣ್ಣದಾಗುತ್ತದೆ. ಹೆಂಡತಿ ಇದ್ದಾಗ ಅವಳೂ ನನ್ನ ಜೊತೆ ನುಚ್ಚು ಉಣ್ಣುತ್ತಿದ್ದಳು. ಅವಳು ಹೋದ ಮೇಲೆ ನೀರಿನ ತೊಟ್ಟಿಯ ಪಕ್ಕ ನನ್ನ ಜಾಗವಾಯಿತು. ಬೇವಿನ ಮರದ ಕೆಳಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಉಂಡವರು ಏನು ನೋಡುತ್ತ ಉಣ್ಣುತ್ತಿದ್ದರು ಎಂದು ಈಗ ನನಗೆ ಗೊತ್ತು. ನಗುವ ಜನರ ಬೆನ್ನು ನೋಡುತ್ತ.

ಅವರು ತೀರಿಕೊಂಡ ಸುದ್ದಿ ತಿಂಗಳು ಕಳೆದ ಮೇಲೆ ಡ್ರಿಲ್ಲಿನವನಿಂದ ತಿಳಿಯಿತು. ಕೊನೆಗೆ ಮೂತ್ರಪಿಂಡ ಸೋತಿತ್ತಂತೆ. ಮಾರನೆಯ ದಿನ ಬೆಳಿಗ್ಗೆಯ ಬಸ್ಸಿಗೆ ಕಂಪ್ಲಿಗೆ ಹೋದೆ. ಕೇರಿಯಲ್ಲಿ ಕೇಳಿಕೊಂಡು ಮನೆ ಹುಡುಕಿದೆ. ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ಹಾರ ಹಾಕಿದ ಅವರ ಫೋಟೋ. ಗಣಿಯಲ್ಲಿ ಜೊತೆಗಿದ್ದವನು ಎಂದಷ್ಟೇ ಹೇಳಿದೆ. ಅವರ ಹೆಂಡತಿ ನೀರು ಕೊಟ್ಟರು, ಮಧ್ಯಾಹ್ನವಾಯಿತು ಉಂಡೇ ಹೋಗಿ ಎಂದರು. ನಮ್ಮ ಮನೆತನದಲ್ಲಿ ಆ ಕೇರಿಯಲ್ಲಿ ಕೂತು ಉಂಡವನು ನಾನೇ ಮೊದಲಿರಬೇಕು ಎಂಬ ಯೋಚನೆ ಆಗಲೂ ನನ್ನ ತಲೆಯಲ್ಲಿ ಹಾದುಹೋಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಾದುಹೋಯಿತು.

ಅವರು ತೆಳುವಾದ ರೊಟ್ಟಿ ಹಾಕಿದರು, ಹೀರೆಕಾಯಿ ಪಲ್ಯ ಹಾಕಿದರು. ಒಂದು ರೊಟ್ಟಿ ಮುಗಿಸಿ ನಾನು ಅಭ್ಯಾಸದಂತೆ ಜೇಬಿನ ಡಬ್ಬಿ ತೆಗೆದು ಮಾತ್ರೆ ನುಂಗಿದೆ. ಅವರು ನಿಂತುಬಿಟ್ಟರು.

"ನಮ್ಮನಿಯೋರೂ ಹಿಂಗ ನುಂಗ್ತಿದ್ರು ಅಣ್ಣಾರ. ನಿಮಗ ಯಾರು ಹೇಳಿಕೊಟ್ರು?"

"ಅವರೇ ಹೇಳಿಕೊಟ್ರು ತಾಯಿ." ನೀರಿನ ಲೋಟ ಕೆಳಗಿಟ್ಟೆ. "ನಾನು ಆ ಬಸ್ಸಿನ ಡ್ರೈವರು."

ಅವರ ಕೈಯಲ್ಲಿ ಎರಡನೇ ರೊಟ್ಟಿ ಇತ್ತು. ಅದು ಅಲ್ಲೇ ನಿಂತಿತು. ಅವರಿಗೆ ಎಲ್ಲವೂ ಗೊತ್ತಿದೆ ಎಂದು ನನಗೆ ತಿಳಿಯಿತು.

"ಅವತ್ತು ಮಿರ್ಚಿ ತಿನಿಸಿದಾವ ನಾನೇ. ಬಸ್ಸು ನಿಲ್ಸದೇ ಇದ್ದಾವನೂ ನಾನೇ. ಅವರಿಗೆ ಶುಗರ್ ಐತಿ, ಗುಳಿಗಿ ಹಿಂಗ ಮಾಡ್ತೈತಿ ಅಂತ ನನಗ ಗೊತ್ತಿತ್ತು ತಾಯಿ. ಗೊತ್ತಿದ್ದೇ ಮಾಡಿದೆ."

ಹೊರಗೆ ಯಾರೋ ಕೋಳಿ ಓಡಿಸುತ್ತಿದ್ದರು. ಬೈಯಲಿ ಎಂದು ಕಾದೆ. ಅಳಲಿ, ಎದ್ದು ಹೋಗು ಎನ್ನಲಿ ಎಂದು ಕಾದೆ. ಪರವಾಗಿಲ್ಲ ಎನ್ನಬಹುದು ಎಂಬ ಆಸೆಯೂ ಎಲ್ಲೋ ಇತ್ತು. ಅವರು ಕೈಯಲ್ಲಿದ್ದ ರೊಟ್ಟಿಯನ್ನೇ ನೋಡುತ್ತ ನಿಂತಿದ್ದರು. ಕೂರಲಾಗದೆ ನಾನು ತಟ್ಟೆ ಸರಿಸಿ ಏಳಲು ನೋಡಿದೆ.

"ಕುಂದ್ರಿ" ಎಂದರು. ದನಿಯಲ್ಲಿ ಸ್ನೇಹ ಇರಲಿಲ್ಲ. "ಊಟ ಅರ್ಧಕ್ಕ ಬಿಟ್ಟು ಏಳಬ್ಯಾಡ್ರಿ. ಗುಳಿಗಿ ನುಂಗೀರಿ. ಬಸ್ಸಿನ್ಯಾಗ ಹೋಗೋರು."

ಎರಡನೇ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದರು. ಲೋಟಕ್ಕೆ ಮಜ್ಜಿಗೆ ಸುರಿದು ಪಕ್ಕಕ್ಕೆ ಇಟ್ಟು, ಅಂಗಳಕ್ಕೆ ಹೋಗಿ ನನಗೆ ಬೆನ್ನು ಮಾಡಿ ಕೂತರು.

ನಾನು ಫೋಟೋದ ಕೆಳಗೆ ಒಬ್ಬನೇ ಕೂತು ಆ ರೊಟ್ಟಿಯನ್ನು ಪೂರ್ತಿ ತಿಂದೆ.